ಸಪಾಟು ಶೂವಿನ ಎರಡು ಕಣ್ಣು

“ಎರಡೂ ಕೈ ಮೇಲೆತ್ತಿ. ಶೂ ಕೆಳಗಿಡಿ.”

“ಕೈ ಮೇಲೆತ್ತಿದ ಮೇಲೆ ಶೂ ಕೆಳಗಿಡೋದು ಹೇಗಮ್ಮಾ?” ಎಂದರು ಮಾವ.

ಪ್ರಶ್ನೆಯೇನೋ ನ್ಯಾಯವಾದದ್ದೇ. ಕೇಳಿದವರ ಅವಸ್ಥೆ ಮಾತ್ರ ನೋಡುವ ಹಾಗಿರಲಿಲ್ಲ. ಶಾಲೆಯ ಜಗಲಿಯಲ್ಲಿ, ಶೂ ಜೋಡಿಸುವ ಹಲಗೆಗಳ ಮುಂದೆ ಮಂಡಿಯೂರಿದ್ದರು. ಬಲಗೈಯಲ್ಲೊಂದು ಶೂ, ಎಡಗೈಯಲ್ಲೊಂದು, ಕಂಕುಳಲ್ಲಿ ಮೂರನೆಯದು. ಕನ್ನಡಕ ಹಣೆಗೇರಿತ್ತು. ಅಂಗಿಯ ನಡುವಿನ ಗುಂಡಿ ಒಂದೇ ದಾರದಲ್ಲಿ ನೇತಾಡುತ್ತಿತ್ತು. ಅರ್ಧ ಆಯಸ್ಸು ವಿಮಾ ಕಂಪನಿಯಲ್ಲಿ ಸುಳ್ಳು ಕ್ಲೇಮುಗಳ ಬೆನ್ನು ಹತ್ತಿ, ಈಗ ಸ್ವಂತ ಬೋರ್ಡು ಹಾಕಿಕೊಂಡ ಖಾಸಗಿ ಪತ್ತೇದಾರ, ಹಾಡಹಗಲೇ ಚಪ್ಪಲಿ ಕಳ್ಳನ ಹಾಗೆ ಸಿಕ್ಕಿಬಿದ್ದಿದ್ದರು.

ಅವರ ಅಕ್ಕನ ಮಗಳು, ಮನೆಯವರೆಲ್ಲ ಚಿನಕುರುಳಿ ಎಂದು ಕರೆಯುವವಳು, ಪಕ್ಕದ ಗೋಡೆಯ ಬಿರುಕನ್ನು ಬಹಳ ಆಸಕ್ತಿಯಿಂದ ನೋಡತೊಡಗಿದಳು.

“ಇವರು ನಿನ್ನ ಕಡೆಯವರಾ?” ಬಾಗಿಲಲ್ಲಿ ನಿಂತ ಹೆಂಗಸು ಅವಳನ್ನೇ ಕೇಳಿದರು.

“ನಮ್ಮ ಮಾವ. ಕಳ್ಳ ಅಲ್ಲ, ಪತ್ತೇದಾರ. ಎರಡು ಕೆಲಸಕ್ಕೂ ಮಂಡಿ ಊರಲೇಬೇಕು ನೋಡಿ.”

ಹೆಂಗಸು ನಗಲಿಲ್ಲ. ಶಿಷ್ಯರು ಇವರನ್ನು ದೊಡ್ಡಕ್ಕ ಎನ್ನುತ್ತಿದ್ದರು. ಊರವರು ಶಾಲೆಯನ್ನು ಕರಾಟೆ ಕ್ಲಾಸು ಎನ್ನುತ್ತಿದ್ದರು. ಅದು ಕರಾಟೆಯಲ್ಲ, ಬೇರೆಯದೇ ಕಾದಾಟದ ವಿದ್ಯೆ ಎಂದು ತಿದ್ದಿ ತಿದ್ದಿ ದೊಡ್ಡಕ್ಕನಿಗೆ ಸಾಕಾಗಿತ್ತು. ಗಿಡ್ಡ ಕೂದಲು, ಗಿಡ್ಡ ಆಳು. ಮಾವ ಎದ್ದು ನಿಂತರೆ ಅವರ ಎದೆಗೆ ಬರುತ್ತಿದ್ದರೇನೋ, ಆದರೆ ಮಾವ ಏಳುವ ಧೈರ್ಯ ಮಾಡಲಿಲ್ಲ. ಕಾಲಲ್ಲಿ ಕಪ್ಪು ಸಪಾಟು ಶೂ. ನೆಲಕ್ಕೆ ಹೊಡೆದ ಮೊಳೆಯ ಹಾಗೆ ನಿಂತಿದ್ದರು.

“ಅಮ್ಮಾ, ಬೂಟಿಕ್ಕಿನ ಡಿಸೈನರಮ್ಮ ಸೋಮವಾರದಿಂದ ಆಸ್ಪತ್ರೆಯಲ್ಲಿ ಕಣ್ಣು ಬಿಟ್ಟಿಲ್ಲ,” ಮಾವ ಒಂದೇ ಉಸಿರಿಗೆ ಹೇಳಿದರು. “ಅವರದೇ ವರ್ಕ್‌ಶಾಪಿನ ಮೆಟ್ಟಿಲಿಂದ ಯಾರೋ ತಳ್ಳಿದ್ದಾರೆ. ಆ ಯಾರೋ ನನ್ನ ಅಕ್ಕನ ಮಗ ಅಂತ ಪೊಲೀಸರು ಹಿಡ್ಕೊಂಡು ಕೂತಿದ್ದಾರೆ. ಇವಳ ತಮ್ಮ. ಸಂಜೆ ಕೋರ್ಟಿಗೆ ಹಾಜರುಪಡಿಸ್ತಾರೆ. ಅಷ್ಟರೊಳಗೆ ನಂಗೆ ಒಂದು ಜೊತೆ ಶೂ ಸಿಗಬೇಕು.”

“ಅದಕ್ಕೆ ನನ್ನ ಮಕ್ಕಳ ಶೂ ಮೂಸ್ತಿದ್ದೀರಾ?”

“ಮೂಸ್ತಿಲ್ಲ. ತಳ ನೋಡ್ತಿದ್ದೀನಿ. ಮೂಗಿಗೆ ಬೀಳೋದು ಆಕಸ್ಮಿಕ.”

ಆ ಶೂಗಳ ವಿಷಯ ಊರಿಗೇ ಗೊತ್ತು. ತೆಳು ಕ್ಯಾನ್‌ವಾಸು, ಅದರಡಿಗೆ ದೋಸೆಯಷ್ಟೇ ದಪ್ಪದ ರಬ್ಬರ್ ಅಟ್ಟೆ. ಹಿಮ್ಮಡಿಯಿಲ್ಲ, ಮೆತ್ತೆಯಿಲ್ಲ, ಎಡ ಬಲ ಎಂಬ ಭೇದವೂ ಇಲ್ಲ. ಎರಡೂ ಒಂದೇ ಅಚ್ಚಿನಲ್ಲಿ ಹೊಲಿದವು. ಇಂಥ ಶಾಲೆಗಳಲ್ಲಿ ಒದೆಯುವವರು, ತಿರುಗುವವರು ಹಾಕುತ್ತಿದ್ದ ಬಡಪಾಯಿ ಶೂ. ಡಿಸೈನರಮ್ಮ ಅದಕ್ಕೆ ಹತ್ತು ಬಣ್ಣ ಕೊಟ್ಟು ಗಾಜಿನ ಕಪಾಟಿನಲ್ಲಿಟ್ಟದ್ದೇ ತಡ, ಊರಿನ ಅರ್ಧ ಕಾಲು ಅದರೊಳಗೆ ಹೋಯಿತು. ಬ್ಯಾಂಕಿನ ಮ್ಯಾನೇಜರು ಹಾಕಿದ, ಹಲ್ಲಿನ ಡಾಕ್ಟರು ಹಾಕಿದಳು. ಜಗಳದ ಸದ್ದು ಕೇಳಿದರೆ ಬೀದಿ ಬದಲಿಸುವವರೆಲ್ಲ ಯುದ್ಧಕ್ಕೆ ಹೊರಟವರ ಶೂ ಹಾಕಿಕೊಂಡು ತರಕಾರಿ ತರಲು ಹೊರಟರು.

ಚಿನಕುರುಳಿಯ ತಮ್ಮ ಆ ಬೂಟಿಕ್ಕಿನ ಸೇಲ್ಸ್‌ಮನ್. ಮೀನಿಗೂ ಶೂ ಮಾರಬಲ್ಲ ಬಾಯಿ ಅವನದು. ಮನೆಯಲ್ಲಿ ಅವನ ಬಗ್ಗೆ ಹೇಳುವುದೇ ಹಾಗೆ: ನಾಲಿಗೆ ಅಪ್ಪಂದು, ಪಾದ ಅಮ್ಮಂದು. ಲಾಕಪ್ಪಿಗೆ ಹೋದಾಗಿನಿಂದ ಆ ನಾಲಿಗೆ ಬಿದ್ದುಹೋಗಿತ್ತು. “ನಾನೇ ಅಂತ ಬರ್ಕೊಳ್ಳಿ” ಎಂಬ ಒಂದು ಮಾತು ಬಿಟ್ಟರೆ ಎರಡನೆಯದಿಲ್ಲ. ಮಾವನನ್ನು ಎಲ್ಲಕ್ಕಿಂತ ಹೆಚ್ಚು ಕಾಡುತ್ತಿದ್ದದ್ದು ಆ ಮೌನವೇ.

“ಏಳಿ ಮೇಲೆ,” ಎಂದರು ದೊಡ್ಡಕ್ಕ.

ಮಾವ ಎದ್ದರು. ಗುಂಡಿ ಬಿತ್ತು. ಉರುಳುತ್ತ ಹೋಗಿ ಚಿನಕುರುಳಿಯ ಕಾಲ ಹತ್ತಿರ ನಿಂತಿತು.

“ಅಮ್ಮನಿಗೆ ಕೊಡು ಮಾವ, ಹೊಲಿದುಕೊಡ್ತಾಳೆ,” ಎಂದಳು ಅದನ್ನೆತ್ತಿ ಕೊಡುತ್ತ.

“ನಿಮ್ಮಮ್ಮನಾ? ಮದುವೆಗೆ ಮುಂಚೆ ವರ್ಷಗಟ್ಟಲೆ ಹೊಲಿಗೆ ಕ್ಲಾಸಿಗೆ ಹೋದಳು. ಒಂದು ಗುಂಡಿ ಹಾಕಿದ್ದನ್ನ ಮನೇಲಿ ಯಾರೂ ನೋಡಿಲ್ಲ.”

ದೊಡ್ಡಕ್ಕ ಬಾಯಿ ತೆರೆದವರು ಮತ್ತೆ ಮುಚ್ಚಿದರು.

ಅಷ್ಟರಲ್ಲಿ ಚಿನಕುರುಳಿಯ ಫೋನು ಗುರ್ ಎಂದಿತು. ನೋಡಿ ಕತ್ತರಿಸಿದಳು. “ಅಮ್ಮಾನೇ. ಬೆಳಿಗ್ಗೆಯಿಂದ ಎಷ್ಟು ಸಲವೋ. ಅವಳ ಶೂ ಹಾಕ್ಕೊಂಡು ಬಂದಿದ್ದೀನಲ್ಲ, ಅದಕ್ಕೆ ಬೈಯೋಕೆ. ನಂದೆಲ್ಲ ಪೊಲೀಸರು ಸಾಕ್ಷಿ ಅಂತ ಮೂಟೆ ಕಟ್ಕೊಂಡು ಹೋದ್ರು, ಬರಿಗಾಲಲ್ಲಿ ಬರಲಾ? ಕಂಬಳಿ ಕಪಾಟಿನಲ್ಲಿ ಹಿಂದೆ ತುರುಕಿಟ್ಟಿದ್ಲು. ಅವಳಿಗೂ ಫ್ಯಾಷನ್ ಹುಚ್ಚು, ನಮಗೆ ಹೇಳ್ಕೊಳ್ಳೋಕೆ ನಾಚಿಕೆ.”

ಮಾವ ಕೇಳಿಸಿಕೊಳ್ಳಲಿಲ್ಲ. ಅವರ ಕಣ್ಣು ದೊಡ್ಡಕ್ಕನ ಶೂ ಮೇಲಿತ್ತು.

ಚೀಲದಿಂದ ಒಂದು ಚಪ್ಪಟೆ ತಿಂಡಿ ಡಬ್ಬಿ ತೆಗೆದರು. ಮುಚ್ಚಳ ತೆರೆದು, ಎರಡು ಬೆರಳಲ್ಲಿ, ಹಾಲಿನ ಕೆನೆ ಎತ್ತುವವರಂತೆ ಒಂದು ಬಿಳಿಯ ತೆಳು ಪದರ ಎತ್ತಿ ಜಗಲಿಯ ನೆಲದ ಮೇಲೆ ಹರಡಿದರು.

ಅದೊಂದು ಹೆಜ್ಜೆಗುರುತು. ಚಿತ್ರವಲ್ಲ, ಹೆಜ್ಜೆಗುರುತೇ.

ಡಿಸೈನರಮ್ಮ ಬಿದ್ದಾಗ ಅಟ್ಟೆ ಅಂಟಿಸುವ ರಬ್ಬರ್ ಹಾಲಿನ ಡಬ್ಬ ಜೊತೆಗೇ ಉರುಳಿತ್ತು. ತಳ್ಳಿದವರು ಆ ಹಾಲು ತುಳಿದು ಹಿಂಬಾಗಿಲಿನವರೆಗೆ ಹೋಗಿದ್ದರು. ಒಣಗಿದರೆ ಆ ಹಾಲು ನೆಲದಿಂದ ಚರ್ಮದ ಹಾಗೆ ಸುಲಿದು ಬರುತ್ತದೆ. ಪೊಲೀಸರು ಹೆಜ್ಜೆಗಳ ಫೋಟೋ ಹೊಡೆದುಕೊಂಡು ಹೋದರು. ಮಾವ ಹೆಜ್ಜೆಯನ್ನೇ ಸುಲಿದುಕೊಂಡು ಬಂದರು. ಸಿಕ್ಕಿದ್ದು ಇದೊಂದೇ. ಉಳಿದ ಹೆಜ್ಜೆಗಳನ್ನೆಲ್ಲ ಅಕ್ಕನ ಮಗನೇ ತನ್ನ ಶೂವಿನಿಂದ ತುಳಿದು ಕಲಸಿಬಿಟ್ಟಿದ್ದ. ಗಾಬರಿಯಲ್ಲಿ ಓಡಾಡಿದನಂತೆ.

“ಇದರ ಗೆರೆ ನೋಡಿ,” ಮಾವನ ದನಿ ಏರಿತು. “ಊರಲ್ಲಿರೋ ಎಲ್ಲ ಸಪಾಟು ಶೂಗೂ ಇದೇ ಗೆರೆ. ಅಳತೆಯೂ ಮಾಮೂಲು, ನಮ್ಮ ಹುಡುಗನಿಗೂ ಬರುತ್ತೆ, ಅರ್ಧ ಊರಿಗೂ ಬರುತ್ತೆ. ಆದರೆ ಇಲ್ಲಿ ನೋಡಿ. ಮುಂಗಾಲಿನ ಹತ್ತಿರ ಗೆರೆಗಳ ನಡುವೆ ಎರಡು ನುಣ್ಣನೆ ಬೋಳು. ಹೆಬ್ಬೆರಳ ಬುಡದಲ್ಲೊಂದು, ಕಿರುಬೆರಳ ಬುಡದಲ್ಲೊಂದು. ಎರಡು ಕಣ್ಣಿನ ಹಾಗೆ. ಫ್ಯಾಷನ್ನಿಗೆ ಹಾಕೋರದು ಹಿಮ್ಮಡಿ ಸವೆಯುತ್ತೆ. ನಿಮ್ಮ ಮಕ್ಕಳದು ಹೆಬ್ಬೆರಳ ಬುಡ ಸವೆಯುತ್ತೆ, ಅದರ ಮೇಲೇ ತಾನೆ ತಿರುಗೋದು? ಹಾಗಾಗಿ ಒಂದೇ ಕಣ್ಣು. ಈ ಎರಡನೇ ಕಣ್ಣು ಎಲ್ಲಿಂದ ಬಂತು?”

“ಕುಂಟರ ಕಾಲು ಅಂತ ಅಂದ್ಕೊಂಡಿದ್ವಿ,” ಎಂದಳು ಚಿನಕುರುಳಿ. “ಕುಂಟೋ ಒಬ್ಬ ರಬ್ಬರ್ ಏಜೆಂಟು ಸಿಕ್ಕಿದ್ರು ಕೂಡ. ಮಾವ ಅವರ ಕಾಲು ಹಿಡಿದು ಎತ್ತಿದ್ರು. ಪಾಪ, ಅವರು ಆಶೀರ್ವಾದ ಮಾಡಿ ಕಳಿಸಿದ್ರು.”

“ಈಗ ನಿಮ್ಮ ಶೂ ತಳ ತೋರಿಸ್ತೀರಾ?” ಎಂದರು ಮಾವ, ಕುಂಟ ಏಜೆಂಟರ ಪ್ರಕರಣವನ್ನು ಮುಂದುವರಿಯಲು ಬಿಡದೆ.

“ಯಾಕೆ? ನಾನೇ ತಳ್ಳಿದೆ ಅಂತಾನಾ?”

“ನಿಮ್ಮ ಶಾಲೆ ಶೂವನ್ನ ಅವರು ಅಂಗಡಿ ಮಾಲು ಮಾಡಿದ್ರು. ನೀವು ಬೂಟಿಕ್ಕಿಗೇ ಹೋಗಿ, ಗಿರಾಕಿಗಳ ಮುಂದೆ ಬೈದು ಬಂದಿದ್ದೀರಿ. ನಾನು ಕೇಳದೆ ಹೋದರೆ ನನ್ನ ಬೋರ್ಡು ಇಳಿಸಬೇಕಾಗುತ್ತೆ.”

ದೊಡ್ಡಕ್ಕ ಅವರನ್ನೇ ಒಂದು ಗಳಿಗೆ ನೋಡಿದರು. ಆಮೇಲೆ ಕಾಲೆತ್ತಿದರು.

ಎತ್ತಿದ ಸದ್ದಾಗಲಿಲ್ಲ. ಒಂದು ಕ್ಷಣದ ಹಿಂದೆ ನೆಲದಲ್ಲಿದ್ದ ಶೂ ಈಗ ಮಾವನ ಮೂಗಿನಿಂದ ಬೆರಳಗಲ ದೂರದಲ್ಲಿ ಗಾಳಿಯಲ್ಲಿ ನಿಂತಿತ್ತು. ದೊಡ್ಡಕ್ಕ ಇನ್ನೊಂದು ಕಾಲ ಮೇಲೆ ಆರಾಮವಾಗಿ, ಬಸ್ಸಿಗೆ ಕಾಯುವವರ ಹಾಗೆ ನಿಂತಿದ್ದರು.

“ನೋಡಿಕೊಳ್ಳಿ. ನಿಧಾನಕ್ಕೆ. ನಂಗೇನೂ ಅವಸರ ಇಲ್ಲ.”

ಮಾವ ಕನ್ನಡಕ ಇಳಿಸಿದರು. ನೋಡಿದರು.

ಎರಡು ಕಣ್ಣು. ಒಂದು ಹೆಬ್ಬೆರಳ ಬುಡದಲ್ಲಿ, ಒಂದು ಕಿರುಬೆರಳ ಬುಡದಲ್ಲಿ. ಅಚ್ಚುಕಟ್ಟಾಗಿ ಅವರನ್ನೇ ದಿಟ್ಟಿಸುತ್ತಿದ್ದವು.

“ಇದೆ!” ಎಂದು ಕೂಗಿದರು. ಒಳಗೆ ಚಾಪೆಯ ಮೇಲೆ ಬರಿಗಾಲಲ್ಲಿ ಮೈ ಸಡಿಲಿಸುತ್ತಿದ್ದ ಶಿಷ್ಯರೆಲ್ಲ ಕತ್ತು ಹೊರಳಿಸಿದರು.

“ಇದ್ದೇ ಇರುತ್ತೆ. ಈಗ ಅಳತೆ ನೋಡಿ.”

ಮಾವ ಬಿಳಿ ಹೆಜ್ಜೆಯನ್ನು ಎತ್ತಿ ಶೂವಿಗೆ ಒತ್ತಿದರು. ಹೆಜ್ಜೆ ಶೂವಿನಾಚೆ ಎರಡು ಬೆರಳು ಮಿಕ್ಕಿತು. ದೊಡ್ಡಕ್ಕನದು ಪುಟ್ಟ ಮಗುವಿನ ಪಾದ.

“ನನ್ನ ಕಾಲು ಇದಕ್ಕಿಂತ ಬೆಳೀಲಿಲ್ಲ. ದೊಡ್ಡಕ್ಕ ಅಂತ ಹೆಸರು ಮಾತ್ರ ದೊಡ್ಡದು,” ಎಂದು ಕಾಲಿಳಿಸಿದರು. ಅದಕ್ಕೂ ಸದ್ದಾಗಲಿಲ್ಲ.

“ಹಾಗಾದರೆ ಈ ಎರಡು ಕಣ್ಣು?”

“ಇದಕ್ಕೆ ಎಡ ಬಲ ಇಲ್ಲ ಅಲ್ವಾ? ಇವತ್ತು ಎಡಕ್ಕೆ ಹಾಕಿದ್ದನ್ನ ನಾಳೆ ಬಲಕ್ಕೆ ಹಾಕಬೇಕು. ದಿನಾ ಅದಲು ಬದಲು. ಆಗ ಎರಡು ಕಡೆಯೂ ಸಮ ಸವೆಯುತ್ತೆ, ಶೂ ಎರಡರಷ್ಟು ದಿನ ಬಾಳುತ್ತೆ. ಅದಕ್ಕಿಂತ ಹೆಚ್ಚಾಗಿ, ಕಾಲಿಗೆ ಮೆತ್ತಗೆ ಒಗ್ಗಿಕೊಳ್ಳೋ ಚಟ ಹತ್ತಲ್ಲ. ನನಗೆ ಕಲಿಸಿದವರು ಹಾಗೆ ಹೇಳಿದ್ರು.”

ಮಾವನಿಗೆ ಒಮ್ಮೆಲೇ ಎಲ್ಲ ನಿಚ್ಚಳವಾಯಿತು. ಎಡಗಾಲಿನ ಹೆಬ್ಬೆರಳು ಇವತ್ತು ಎಲ್ಲಿ ಊರಿತ್ತೋ ಅಲ್ಲೇ ನಾಳೆ ಬಲಗಾಲಿನ ಕಿರುಬೆರಳು. ಒಂದು ಶೂ, ಎರಡು ಕಾಲು, ಎರಡು ಕಣ್ಣು. ಕುಂಟರೂ ಅಲ್ಲ, ಸೊಟ್ಟ ಕಾಲಿನವರೂ ಅಲ್ಲ. ದಿನಾ ಶೂ ಅದಲು ಬದಲು ಮಾಡುವ ಅಭ್ಯಾಸದವರು! ಹುಡುಗನೋ, ದೊಡ್ಡಕ್ಕನ ಶಾಲೆಯ ಮೆಟ್ಟಿಲನ್ನೇ ಹತ್ತಿದವನಲ್ಲ. ಅವನ ಶೂ ಅಪ್ಪನ ನಡಿಗೆಯಲ್ಲಿ ಎಳೆದೆಳೆದು ಹಿಮ್ಮಡಿಯ ಕಡೆ ಸವೆದುಹೋಗಿತ್ತು. ಕಣ್ಣು ಒಂದೂ ಇಲ್ಲ.

“ಚಿನಕುರುಳಿ, ನಿನ್ನ ತಮ್ಮ ಇವತ್ತು ರಾತ್ರಿ ಊಟಕ್ಕೆ ಮನೇಲಿರ್ತಾನೆ!”

ಅವಳು ಜಗಲಿಯಲ್ಲೇ ಒಂದು ಸುತ್ತು ಗಿರ್ರನೆ ತಿರುಗಿಬಿಟ್ಟಳು. ಮುಂಗಾಲ ಮೇಲೆ, ಹಗುರವಾಗಿ. ದೊಡ್ಡಕ್ಕ ಅದನ್ನು ನೋಡಿದರು. ನೋಡಿ ಹುಬ್ಬು ಗಂಟಿಕ್ಕಿದರು.

ಮಾವ ಆಗಲೇ ಫೋನು ಕಿವಿಗಿಟ್ಟಾಗಿತ್ತು. “ಇನ್‌ಸ್ಪೆಕ್ಟರ್ ಸಾಹೇಬ್ರೇ, ಜೀಪು ತೆಗೀರಿ. ಹೌದು, ಈಗಲೇ. ಎರಡು ಕಣ್ಣಿನ ಗುಟ್ಟು ಒಡೀತು. ನೀವು ಈ ಕರಾಟೆ ಕ್ಲಾಸಿಗೆ ಬರೋದರೊಳಗೆ ಹೆಸರು ಕೊಡ್ತೀನಿ.”

“ಬರೀ ಹೆಸರು ತಗೊಂಡು ಏನು ಮಾಡ್ಲಿ ಸ್ವಾಮಿ? ಶೂ ಕೊಡಿ,” ಆ ಕಡೆಯ ದನಿ ಆಕಳಿಸಿತು. “ಆ ಹೆಜ್ಜೆಗೆ ಕೂರೋ ಶೂ ಕೈಗಿಟ್ಟರೆ ನಿಮ್ಮ ಹುಡುಗನ್ನ ನಾನೇ ಮನೆಗೆ ಬಿಟ್ಟು ಬರ್ತೀನಿ. ಇಲ್ಲೇ ಮುಂದಿನ ಬೀದೀಲಿದ್ದೀನಿ. ಬಂದೆ.”

ಮಾವ ಫೋನು ಇಳಿಸಿ ದೊಡ್ಡಕ್ಕನತ್ತ ತಿರುಗಿದರು. ಮುಖ ಮದುಮಗನ ಹಾಗೆ ಅರಳಿತ್ತು.

“ಈಗ ಹೇಳಿ ಅಮ್ಮಾ. ಈ ಶಾಲೇಲಿ ಹೀಗೆ ಅದಲು ಬದಲು ಮಾಡೋರು ಯಾರ್ಯಾರು?”

“ಯಾರೂ ಇಲ್ಲ.”

“ಅಂದ್ರೆ?”

“ನೀವೇ ನೋಡಿದ್ರಲ್ಲ ಹಲಗೆ ಮೇಲಿನ ಶೂಗಳನ್ನೆಲ್ಲ. ಎಲ್ಲಕ್ಕೂ ಒಂದೇ ಕಣ್ಣು. ಈಗಿನವರು ಬೂಟಿಕ್ಕಿನಿಂದ ಹಾಕ್ಕೊಂಡೇ ಬರ್ತಾರೆ. ಒಂದು ತಿಂಗಳಲ್ಲಿ ಶೂ ಕಾಲಿನ ಆಕಾರಕ್ಕೆ ಕೂತುಬಿಡುತ್ತೆ. ಆಮೇಲೆ ಬದಲಿಸಿದರೆ ಕಚ್ಚುತ್ತೆ. ಕಚ್ಚಿಸಿಕೊಳ್ಳೋ ಹಟ ಯಾರಿಗಿದೆ? ನಾನೂ ಹೇಳೋದು ಬಿಟ್ಟೆ.” ದೊಡ್ಡಕ್ಕ ತಲೆಯಾಡಿಸಿದರು. “ಮೊದಲು ಫೋನು ಮಾಡಿ ಆಮೇಲೆ ಪ್ರಶ್ನೆ ಕೇಳ್ತೀರಲ್ಲ. ಒಂದು ಕಾಲು ಎತ್ತೋಕೆ ಮುಂಚೆ ಇನ್ನೊಂದು ಕಾಲು ಎಲ್ಲಿದೆ ನೋಡ್ಕೊಳ್ಳಿ ಅಂತ ನಾನು ಮೊದಲ ದಿನವೇ ಹೇಳಿಕೊಡ್ತೀನಿ.”

ಮಾವನ ಮುಖದ ಮದುಮಗ ಸ್ವಲ್ಪ ಬಾಡಿದ.

“ಯಾರೂ ಇಲ್ಲ ಅಂದ್ರೆ ಆಗಲ್ಲ ಅಮ್ಮಾ. ಈ ಹೆಜ್ಜೆ ಇಟ್ಟವರು ಇದ್ದಾರೆ. ಹಳಬರು?”

ದೊಡ್ಡಕ್ಕ ಬಾಗಿ ಬಿಳಿ ಹೆಜ್ಜೆಯನ್ನು ಅಂಗೈ ಮೇಲೆ ತೆಗೆದುಕೊಂಡರು. ಹೆಬ್ಬೆರಳಿನಿಂದ ಒಂದು ಕಣ್ಣನ್ನು ಸವರಿದರು, ಆಮೇಲೆ ಇನ್ನೊಂದನ್ನು. ಮಾತಾಡಿದಾಗ ದನಿಯಲ್ಲಿದ್ದ ಕೀಟಲೆ ಇಳಿದಿತ್ತು.

“ನಾನು ಶಾಲೆ ಶುರು ಮಾಡಿದಾಗ ಮೊದಲು ಬಂದವರು ನಾಲ್ಕೈದು ಹುಡುಗಿಯರು. ಮನೇಲಿ ಹೇಳಿದರೆ ಕಾಲು ಮುರೀತಾರೆ ಅನ್ನೋ ಕಾಲ. ಒಬ್ಬೊಬ್ಬಳೂ ಒಂದೊಂದು ಸುಳ್ಳು ಹೇಳಿ ಬರೋಳು. ಒಬ್ಬಳು ಟೈಪಿಂಗ್, ಒಬ್ಬಳು ಸಂಗೀತ. ಶೂ ಮನೇಲಿ ಕಾಣಬಾರದು ಅಂತ ಇಲ್ಲೇ ಬಿಟ್ಟು ಹೋಗೋರು. ಆ ಹುಡುಗಿಯರು ದಿನಾ ಬದಲಿಸೋರು. ಅವರಿಗೆ ಅದು ಉಸಿರಾಡಿದ ಹಾಗೆ. ಈ ಊರಲ್ಲಿ ಅವರಲ್ಲಿ ಉಳಿದಿರೋಳು ಒಬ್ಬಳೇ.”

“ಯಾರು? ಹೇಳಿ, ಜೀಪು ಬರ್ತಿದೆ.”

ದೊಡ್ಡಕ್ಕ ಅವರತ್ತ ನೋಡಲಿಲ್ಲ. ಚಿನಕುರುಳಿಯತ್ತ ನೋಡಿದರು.

“ನೀನು ಗಿರ್ರಂತ ತಿರುಗಿದೆಯಲ್ಲ ಮಗೂ, ಅದನ್ನ ಯಾರು ಕಲಿಸಿದ್ದು?”

“ಯಾರೂ ಇಲ್ಲ. ಚಿಕ್ಕವಳಿದ್ದಾಗ ಅಮ್ಮ ಆಟ ಆಡಿಸೋಳು, ಅಡುಗೆಮನೇಲಿ.”

“ನಿಮ್ಮಮ್ಮ,” ದೊಡ್ಡಕ್ಕ ಮೆಲ್ಲಗೆ ಕೇಳಿದರು, “ಹೊಲಿಗೆ ಕ್ಲಾಸಿಗೆ ಅಂತ ಎಲ್ಲಿಗೆ ಹೋಗ್ತಿದ್ದಳು ಅಂತ ನಿಮ್ಮ ಮನೇಲಿ ಯಾವತ್ತೂ ಯಾರೂ ಕೇಳಲಿಲ್ವಾ?”

ಮಾವನ ಕೈಯಲ್ಲಿ ಆ ಗುಂಡಿ ಇನ್ನೂ ಇತ್ತು.

ಸುಳ್ಳು ಕ್ಲೇಮುಗಳ ವಾಸನೆ ಮೈಲಿಯಾಚೆ ಹಿಡಿಯುತ್ತಿದ್ದ ಮನುಷ್ಯ ಅವರು. ಅಕ್ಕ ಸಂಜೆ ಸಂಜೆ ಬಟ್ಟೆ ಚೀಲ ಹಿಡಿದು ಹೋಗುತ್ತಿದ್ದಳು, ಬೆವರಿ ಬರುತ್ತಿದ್ದಳು. ಹೊಲಿಗೆ ಮೆಷಿನ್ನು ತುಂಬ ಗಟ್ಟಿ ಕಣೋ ಎನ್ನುತ್ತಿದ್ದಳು. ಅವರು ನಂಬಿದ್ದರು. ನಿನ್ನೆ ಕೂಡ, ಕಣ್ಣೊರೆಸಿಕೊಳ್ಳುತ್ತ, ಆ ಬೂಟಿಕ್ಕಿನ ಮೆಟ್ಟಿಲು ನಾನು ಹತ್ತಿದೋಳೇ ಅಲ್ಲ, ಆ ಡಿಸೈನರಮ್ಮನ ಮುಖ ಹೇಗಿದೆಯೋ ಗೊತ್ತಿಲ್ಲ, ಹೇಗಾದರೂ ನನ್ನ ಮಗನ್ನ ಬಿಡಿಸಿಕೊಂಡು ಬಾ ಎಂದಿದ್ದಳು. ಅದನ್ನೂ ನಂಬಿದ್ದರು.

ಹುಡುಗ ಯಾಕೆ ಬಾಯಿ ಬಿಡಲಿಲ್ಲ ಎಂಬುದು ಆಗ ಹೊಳೆಯಿತು. ಅವನು ಗಾಬರಿಯಲ್ಲಿ ಓಡಾಡಿರಲಿಲ್ಲ. ನೆಲದ ಮೇಲಿನ ಹೆಜ್ಜೆಗಳನ್ನು ಒಂದೊಂದಾಗಿ ಹುಡುಕಿ ತುಳಿದಿದ್ದ. ಒಂದು ಮಾತ್ರ ಅವನ ಕಣ್ಣು ತಪ್ಪಿತ್ತು. ಅದನ್ನು ಮಾವ ಜೋಪಾನವಾಗಿ ಡಬ್ಬಿಯಲ್ಲಿ ಹಾಕಿಕೊಂಡು ಊರೆಲ್ಲ ಸುತ್ತಿದ್ದರು. ಊರವರ ಕಾಲೆಲ್ಲ ಎತ್ತಿಸಿ ನೋಡಿದ್ದರು, ತಮ್ಮ ಜೊತೆಗೇ ನಡೆದುಬಂದ ಎರಡು ಕಾಲು ಬಿಟ್ಟು.

“ಮಾವ,” ಎಂದಳು ಚಿನಕುರುಳಿ. ಅವಳ ದನಿ ಅವಳದಾಗಿರಲಿಲ್ಲ.

ಕಂಬ ಹಿಡಿದು, ನಿಧಾನವಾಗಿ, ಬಲಗಾಲನ್ನು ಹಿಂದಕ್ಕೆ ಮಡಚಿ ಎತ್ತಿದಳು.

ಬೂದು ಬಣ್ಣದ ಹಳೆಯ ಸಪಾಟು ಶೂ. ಅಟ್ಟೆಯನ್ನು ಯಾರೋ ಉಜ್ಜಿ ಉಜ್ಜಿ ತೊಳೆದಿದ್ದರು. ಗೆರೆಗಳ ನಡುವೆ ಎರಡು ಕಣ್ಣು. ಕ್ಯಾನ್‌ವಾಸೂ ರಬ್ಬರೂ ಸೇರುವ ಸಂದಿನಲ್ಲಿ, ತೊಳೆಯುವ ಕೈಗೆ ಎಟುಕದಲ್ಲಿ, ಬಿಳಿಯ ಒಂದು ಎಳೆ.

ದೊಡ್ಡಕ್ಕ ಅಂಗೈ ಮೇಲಿದ್ದ ಹೆಜ್ಜೆಯನ್ನು ಆ ಅಟ್ಟೆಗೆ ತಾಗಿಸಿದರು. ಅದು ತನ್ನ ಮನೆಗೆ ಬಂದಂತೆ ಕೂತಿತು.

ಗೇಟಿನ ಹತ್ತಿರ ಜೀಪು ನಿಂತ ಸದ್ದಾಯಿತು. ಬಾಗಿಲು ತೆರೆಯಿತು, ಧಡ್ಡನೆ ಮುಚ್ಚಿತು.

ಅದೇ ಹೊತ್ತಿಗೆ ಚಿನಕುರುಳಿಯ ಕೈಯಲ್ಲಿ ಫೋನು ಗುರ್ ಎಂದಿತು. ತೆರೆಯ ಮೇಲೆ ಮತ್ತೆ ಅದೇ ಎರಡಕ್ಷರ: ಅಮ್ಮ. ಈ ಸಲ ಅವಳು ಕತ್ತರಿಸಲಿಲ್ಲ. ಬೆರಳು ತಾನಾಗಿ ಸ್ಪೀಕರ್ ಒತ್ತಿತು.

“ಬೈಯಲ್ಲ ಕಣೇ,” ಅಕ್ಕನ ದನಿ ಓಡಿಬಂದವರ ಹಾಗೆ ಏದುತ್ತಿತ್ತು. “ಒಂದೇ ಒಂದು ಹೇಳು ಸಾಕು. ಆ ಶೂ ತಳ ಯಾರಾದರೂ ನೋಡಿದ್ರಾ?”

ಚಿನಕುರುಳಿ ಮಾವನ ಮುಖ ನೋಡಿದಳು. ಮಾವ ಗುಂಡಿಯನ್ನು ಮುಷ್ಟಿಯಲ್ಲಿ ಬಿಗಿಹಿಡಿದರು. ಒಂದು ಕಡೆ ಲಾಕಪ್ಪಿನಲ್ಲಿ ಅಕ್ಕನ ಮಗ. ಇನ್ನೊಂದು ಕಡೆ, ಈ ಫೋನಿನಲ್ಲಿ, ಅಕ್ಕ.

“ಎಲ್ಲಿ ಪತ್ತೇದಾರರೇ, ಶೂ?” ಎನ್ನುತ್ತ ಇನ್‌ಸ್ಪೆಕ್ಟರ್ ಸಾಹೇಬರು ಜಗಲಿಯ ಮೆಟ್ಟಿಲು ಹತ್ತಿದರು.

ಚಿನಕುರುಳಿಯ ಒಂದು ಕಾಲು ಇನ್ನೂ ಮೇಲೆಯೇ ಇತ್ತು.